ಎಡಕ್ಕೆ ವಾಲಿದ ಬೊಟ್ಟು

ಎರಡೂ ಕಬ್ಬಿಣ ಮೇಜಿನ ಮೇಲಿಟ್ಟು
ಶ್ರೀಮಂಗಲ ಠಾಣೆಯ ಎಸ್ಸೈ ಕೇಳಿದ:
"ಐರಿ, ಇದರಲ್ಲಿ ನಿನ್ನದು ಯಾವುದು?"

ಎರಡೂ ನನ್ನವೇ, ಸ್ವಾಮಿ.

ಹೊರಗೆ ಹಲಸಿನ ಬುಡಕ್ಕೆ ಕಟ್ಟಿದ ಕೆಂದು ಹಸು
ಗಂಜಲ ಹೊಯ್ದು, ವಾಸನೆ ಕಿಟಕಿಯಿಂದ ಒಳಗೆ ಬಂತು.
ಬಲಗಿವಿ ಹರಿದಿತ್ತು. ಹಳದಿ ಬಿಲ್ಲೆ ಇದ್ದ ಜಾಗದಲ್ಲಿ
ಒಣಗಿದ ರಕ್ತ, ಎರಡು ನೊಣ.
ಸರಕಾರದ ಹನ್ನೆರಡು ಅಂಕೆಯನ್ನು ಯಾರೋ
ಒಂದೇ ಕತ್ತರಿಯಲ್ಲಿ ಅಳಿಸಿದ್ದರು.
ಉಳಿದದ್ದು ತೊಡೆಯ ಮೇಲಿನ ಬರೆ:
ಅರ್ಧಚಂದ್ರ, ಕೆಳಗೊಂದು ಬೊಟ್ಟು.

ಬೆಂಚಿನ ಆ ತುದಿಗೆ ಚೋಂದವ್ವ,
ತಲೆವಸ್ತ್ರ ಬಿಗಿದು, ಹಗ್ಗವೊಂದನ್ನು ಮಡಿಲಲ್ಲಿಟ್ಟು.
ಈ ತುದಿಗೆ ದನದ ವ್ಯಾಪಾರದ ಬೆಳ್ಯಪ್ಪ.
"ಹೋದ ವರ್ಷ ಕೊಂಡ ಹಸು, ನಾನೇ ಬರೆ ಹಾಕಿಸಿದ್ದು.
ಕಬ್ಬಿಣವೂ ನನ್ನ ಹತ್ತಿರ ಉಂಟು" ಅಂದ.
ಉಂಟು. ಅದು ಸುಳ್ಳಲ್ಲ.

ಮೊದಲನೆಯದನ್ನು ಬಡಿದಾಗ ನನಗೆ ಇಪ್ಪತ್ತೆರಡು.
ಕೈಲ್‌ಪೊಳ್ದ್ ಕಳೆದ ವಾರ, ನೇಗಿಲು ತೊಳೆದಿಟ್ಟಾಗಿತ್ತು,
ದನಗಳನ್ನು ಬಾಣೆಗೆ ಬಿಡುವ ಹೊತ್ತು.
ಚೋಂದವ್ವನ ಮಾವ ಕುಲುಮೆಯ ಬೂದಿಯಲ್ಲಿ
ಬೆರಳಿಂದ ಚಂದ್ರನ ಬರೆದು ತೋರಿಸಿದರು.
ಬೊಟ್ಟು ಕೂರಿಸುವಾಗ ಕಿಡಿಯೊಂದು ರೆಪ್ಪೆಗೆ ಹಾರಿ
ಸುತ್ತಿಗೆ ಒಂದು ಭತ್ತದ ಕಾಳಿನಷ್ಟು ಎಡಕ್ಕೆ ಬಿತ್ತು.
"ಇರಲಿ ಬಿಡು" ಅಂದರು,
"ಚಂದ್ರನೇ ನೆಟ್ಟಗಿಲ್ಲ."
ಒಂದು ಬಳ್ಳ ಭತ್ತ ತಲೆಗಟ್ಟಿ ಅಳೆದು ಕೊಟ್ಟರು.
ರೆಪ್ಪೆಯ ಕಲೆ ಈಗಲೂ ಉಂಟು.
ಕಣ್ಣು ಮುಚ್ಚಿದರೆ ಮಾತ್ರ ಕಾಣುವಂಥದ್ದು,
ಅಂದರೆ ನನಗೆ ಕಾಣುವುದಿಲ್ಲ.

ಎರಡನೆಯದು ಮೂರು ವರ್ಷದ ಹಿಂದೆ, ರಾತ್ರಿ.
ಬೀಡಿಕಟ್ಟಿನ ಕಾಗದದಲ್ಲಿ ಪೆನ್ಸಿಲ್ ಚಿತ್ರ.
ಯಾರ ಗುರುತು ಅಂತ ನಾನು ಕೇಳಲಿಲ್ಲ.
ನೋಡಿದ ಕೂಡಲೇ ಗೊತ್ತಾಗಿತ್ತು, ಅದಕ್ಕೇ ಕೇಳಲಿಲ್ಲ.
ತಿದಿ ಹೋಗಿ ಬ್ಲೋವರ್ ಬಂದಿತ್ತು, ಕೈ ಪಳಗಿತ್ತು,
ಬೊಟ್ಟು ಸರಿಯಾಗಿ ನಡುವಿಗೆ ಕೂತಿತು.
ಅಷ್ಟು ಚೆಂದದ ಕೆಲಸ ನಾನು ಮಾಡಿದ್ದು ಕಡಿಮೆ.

ಎಸ್ಸೈ ಹೊರಗೆ ಹೋಗಿ ಒಂದೊಂದೇ ಕಬ್ಬಿಣ
ಹಸುವಿನ ತೊಡೆಗೆ ಹಿಡಿದು ನೋಡಿದ.
ತಣ್ಣಗಿದ್ದ ಕಬ್ಬಿಣವೇ, ಆದರೂ
ಅದರ ಚರ್ಮ ಬೆನ್ನಿನವರೆಗೆ ಅದುರಿತು.
"ಎರಡೂ ಹೊಂದುವುದಿಲ್ಲವಲ್ಲ ಮಾರಾಯ!
ಕಬ್ಬಿಣ ನಾಲ್ಕು ಬೆರಳು, ಬರೆ ಒಂದು ಗೇಣು."

ಸ್ವಾಮಿ, ಕರುವಿನ ಮೇಲಿಟ್ಟ ಬರೆ
ಕರುವಿನ ಸಂಗಡವೇ ಬೆಳೆಯುತ್ತದೆ.
ಹುಲ್ಲು ತಿಂದಷ್ಟೂ ಚಂದ್ರ ಅಗಲ.
ಬೆಳೆದ ಹಸುವಿಗೆ ಹೋದ ವರ್ಷ ಇಟ್ಟಿದ್ದರೆ
ನಾಲ್ಕು ಬೆರಳು ನಾಲ್ಕೇ ಬೆರಳಾಗಿರುತ್ತಿತ್ತು.
ಮತ್ತೆ ಆ ಬೊಟ್ಟು ನೋಡಿ.
ಅವತ್ತು ಒಂದು ಕಾಳಿನಷ್ಟು ತಪ್ಪಿದ್ದು
ಇವತ್ತು ಒಂದು ಹೆಬ್ಬೆರಳು ಎಡಕ್ಕೆ.

ಬೆಳ್ಯಪ್ಪ ನೆಲ ನೋಡಿದ.
ನಾನೂ ಅದೇ ನೆಲವನ್ನು ನೋಡಿದೆ.

ರೈಟರ್ ಎಲ್ಲ ಬರೆದುಕೊಂಡು
ನನ್ನ ಹೆಬ್ಬೆಟ್ಟು ಒತ್ತಿಸಿಕೊಂಡ, ಎಡಗೈಯದು.
ಎರಡನೆಯ ಕಬ್ಬಿಣದ ಕೊರಳಿಗೆ ದಾರ ಕಟ್ಟಿ
ಚೀಟಿ ತೂಗಿಬಿಟ್ಟ, ಚೀಟಿಯಲ್ಲೊಂದು ನಂಬರು.
ಇನ್ನು ಅದನ್ನು ಯಾರೂ ಕದಿಯುವ ಹಾಗಿಲ್ಲ.

ಚೋಂದವ್ವ ಹಗ್ಗ ಹಾಕಿದಳು.
ಹಸು ಅವಳ ಗುರುತು ಹಿಡಿಯಿತೋ ಇಲ್ಲವೋ,
ಹಸಿದಿತ್ತು, ಹೊರಟಿತು.
ಗೇಟಿನ ಹತ್ತಿರ ನಿಂತು, ನನ್ನ ಕಡೆ ತಿರುಗದೆ ಕೇಳಿದಳು:
"ಅವನು ಎಷ್ಟು ಕೊಟ್ಟ?"
"ಮುನ್ನೂರು."
ಮನಸ್ಸಿನಲ್ಲೇ ಅದನ್ನು ಭತ್ತಕ್ಕೆ ಲೆಕ್ಕ ಹಾಕುವವಳ ಹಾಗೆ
ಸ್ವಲ್ಪ ಹೊತ್ತು ನಿಂತಳು.

ಬಿರುನಾಣಿ ರಸ್ತೆಯ ತಿರುವಿನವರೆಗೆ
ಹೆಜ್ಜೆಗೊಮ್ಮೆ ಚಂದ್ರ ಮಡಿಚಿ ಬಿಚ್ಚುತ್ತಿತ್ತು.
ಆಮೇಲೆ ಬರೆ ಕಾಣಲಿಲ್ಲ.
ಬರೇ ಕೆಂದು ಹಸು,
ಯಾರದಾದರೂ ಆಗಬಹುದಾಗಿದ್ದ ಹಸು.