ಹದಿನೈದು ಅಂಕಿ

ಮನಾಮದ ಹಳೆ ಸೂಕಿನ ಹಿಂದೆ, ಅತ್ತರಿನ ಅಂಗಡಿಗೂ
ಬೀಗದ ಕೈ ಕೊರೆಯುವವನಿಗೂ ನಡುವೆ
ಒಂದೂವರೆ ಮಾರು ಅಗಲದ ನನ್ನ ಜಾಗ.
ಆಗಸ್ಟು. ಎಸಿಯ ನೀರು ಪೇಂಟಿನ ಡಬ್ಬಿಗೆ ತೊಟ್ಟಿಕ್ಕುತ್ತದೆ,
ತುಂಬಿದರೆ ಬೆಕ್ಕುಗಳ ಪಾಲು.

ಹುಸೇನಪ್ಪ ಬಂದದ್ದು ಇಶಾದ ಬಾಂಗು ಮುಗಿದ ಮೇಲೆ,
ಹೆಲ್ಮೆಟ್ಟಿನ ಪಟ್ಟಿಯ ಗೆರೆ ಇನ್ನೂ ಗದ್ದದಲ್ಲಿ.
ಲಿಂಗಸುಗೂರಿನವ. ಸಿತ್ರಾದಲ್ಲಿ ಕ್ರೇನಿಗೆ ಕೊಂಡಿ ಸಿಕ್ಕಿಸುವ ಕೆಲಸ.
"ಸಿಮ್ ಐತ್ರಿ, ಕಡ್ಡಿ ಒಂದೂ ಇಲ್ಲ.
ಬ್ಯಾರೆ ಅಂಗಡಿಯಾಂವ ಏನೋ ಹಾಕಿದ, ಅವತ್ತಿಂದ ಹಿಂಗ.
ಓಟಿಪಿ ಬರವಲ್ದು, ಮನಿಗೆ ರೊಕ್ಕ ಹೋಗವಲ್ದು."

ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್.
ಹದಿನೈದು ಅಂಕಿ ಇರಬೇಕಾದಲ್ಲಿ
ಸಾಲಾಗಿ ಸೊನ್ನೆ.
ಗೋಪುರ ಯಾರು ಎಂದು ಕೇಳುತ್ತದೆ,
ಫೋನು ಬಾಯಿ ಬಿಟ್ಟು ನಿಲ್ಲುತ್ತದೆ.

ಕೇಬಲ್ ಚುಚ್ಚಿದೆ. ಲ್ಯಾಪ್‌ಟಾಪಿನ ಕಪ್ಪು ಪರದೆ
ಕೇಳಿದ್ದಕ್ಕಷ್ಟೇ ಉತ್ತರಿಸುವ ಜಾತಿ.
ಬೂಟ್, ರಿಕವರಿ, ಸಿಸ್ಟಮ್, ಮೋಡೆಮ್,
ಕ್ಯಾಂಪಿನ ಕೋಣೆಗಳ ಹಾಗೆ ಒಂದರ ಪಕ್ಕ ಒಂದು,
ಒಳಗೆ ಯಾರಿದ್ದಾರೆಂದು ಬಾಗಿಲ ಮೇಲೆ ಬರೆದಿದೆ.
ಮೂಲೆಯಲ್ಲಿ ಇಎಫ್ಎಸ್. ಬರೀ ಇಪ್ಪತ್ತು ಎಂಬಿ,
ಮದುವೆ ವಿಡಿಯೋದ ಒಂದು ಆರತಿಗೂ ಸಾಲದು.
ಹೆಸರು ಇದ್ದದ್ದು ಅಲ್ಲಿ.

"ನಿಮ್ಮ ಹತ್ರ ಸತ್ತ ಫೋನು ಅದಾವಲ್ರಿ,
ಒಂದರದ್ದು ತಗದು ಇದಕ್ಕ ಹಾಕಿಬಿಡ್ರಿ."
ಗಾಜಿನ ಕಪಾಟಿನಲ್ಲಿ ಇಪ್ಪತ್ತೆರಡು.
ಆಗದ್ದೇನಲ್ಲ. ಎರಡು ಸಾಲಿನ ಕೆಲಸ.

ಹಡಗು ರಿಪೇರಿಯ ಯಾರ್ಡಿನಲ್ಲಿ ಮೊದಲ ವರ್ಷ
ನಾನು ಸುಲ್ಫಿಕರನ ಗೇಟ್ ಪಾಸಿನಲ್ಲಿ ಒಳಗೆ ಹೋಗುತ್ತಿದ್ದೆ.
ಅವನು ಊರಿಗೆ ಹೋದವ ಬರಲಿಲ್ಲ,
ಫೋಟೋ ಬೆವರಿಗೆ ಮಸುಕಾಗಿತ್ತು, ಮೀಸೆ ಇಬ್ಬರಿಗೂ ಒಂದೇ.
ಹದಿನಾಲ್ಕು ತಿಂಗಳು.
ಒಂದು ಶುಕ್ರವಾರ ಮೀನು ಮಾರ್ಕೆಟ್ಟಿನ ಎದುರು
ಗಂಗೊಳ್ಳಿಯ ಯಾರೋ "ವಾಮನಾ" ಎಂದು ಕೂಗಿದರು.
ನಾನು ನಡೆಯುತ್ತಲೇ ಇದ್ದೆ.
ಎಂಟು ಹತ್ತು ಹೆಜ್ಜೆ ದಾಟಿದ ಮೇಲೆ ನಿಂತೆ.

"ಆಗುವುದಿಲ್ಲ" ಎಂದೆ. "ಕಾನೂನು."
ಅದೂ ಸುಳ್ಳಲ್ಲ.

ಆಮೇಲೆ ನೆನಪಾಯಿತು, ಫೆಬ್ರವರಿ.
ಇದೇ ಫೋನು ಲೋಗೋ ತೋರಿಸಿ ನಿಂತುಬಿಟ್ಟಿತ್ತು.
ಯಾರದನ್ನೇ ಮುಟ್ಟುವ ಮೊದಲು ನಾನೊಂದು ನಕಲು ತೆಗೆಯುತ್ತೇನೆ,
ಫೋಟೋ ಅಲ್ಲ, ಮಾತಲ್ಲ, ಫೋನಿನ ಹೆಸರಷ್ಟೇ.
ದಕ್ಕೆಯಲ್ಲಿ ಕಲಿತದ್ದು: ಈ ಹಗ್ಗ ಬಿಚ್ಚುವ ಮುಂಚೆ
ಇನ್ನೊಂದು ಹಗ್ಗ ಕಟ್ಟು.

ಟೇಪು ಸುತ್ತಿದ ಹಾರ್ಡ್ ಡಿಸ್ಕು ಕೆಮ್ಮಿ ಎದ್ದಿತು.
"ಹುಸೇನಪ್ಪ, ಕೆಂಪು ಕವರು." ಇತ್ತು.
ಚೆಕ್‌ಸಮ್ಮಿನ ಮೂವತ್ತೆರಡು ಅಕ್ಷರ
ನೋಟ್‌ಬುಕ್ಕಿನಲ್ಲಿ ಬರೆದಿಟ್ಟದ್ದಕ್ಕೆ ಹೊಂದಿಸಿ ನೋಡಿದೆ,
ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ.

ಡಿಡಿ ಎಂಬ ಆಜ್ಞೆ. ಅದಕ್ಕೆ ಬೇಕಾದ್ದು ಎರಡೇ ಸಂಗತಿ:
ಎಲ್ಲಿಂದ, ಎಲ್ಲಿಗೆ.
ಏರ್‌ಪೋರ್ಟಿನ ಕಿಟಕಿಯಲ್ಲೂ ಇಷ್ಟೇ ಕೇಳಿದ್ದರು.
ಅದಲು ಬದಲಾದರೆ ಸೊನ್ನೆಗಳೇ ಬಂದು
ಉಳಿದ ಒಂದು ನಿಜದ ಮೇಲೆ ಕೂರುತ್ತವೆ.
ಡಿಡಿ ಮರುಪ್ರಶ್ನೆ ಹಾಕುವುದಿಲ್ಲ.
ನಕಲಿಗೊಂದು ನಕಲು ಮಾಡಿದೆ. ಸಾಲನ್ನು ಬಾಯಲ್ಲಿ ಓದಿದೆ.
ಹುಸೇನಪ್ಪ ಮಂತ್ರವೆಂದುಕೊಂಡು ಚಪ್ಪಲಿ ಬಿಟ್ಟ.

ಎಂಟರ್.

ಫೋನು ಎದ್ದು ಒಂದು ನಿಮಿಷ ಏನೂ ಇಲ್ಲ.
ಆಮೇಲೆ ಒಂದು ಕಡ್ಡಿ. ಮೂರು.
ಅವನು ಪರ್ಸಿನಿಂದ ಡಬ್ಬಿಯ ಹರಿದ ಸ್ಟಿಕ್ಕರ್ ತೆಗೆದ,
ಉಗುರಿಟ್ಟು ಓದತೊಡಗಿದ: ಮೂರು, ಐದು, ಎಂಟು...
ಹನ್ನೊಂದನೆಯದಕ್ಕೆ ಗ್ರೀಸು ಮೆತ್ತಿತ್ತು.
"ಒಂದೋ ಏಳೋ ತಿಳಿಯಂಗಿಲ್ರೀ."
"ಏಳು" ಎಂದೆ, ಪರದೆ ನೋಡಿ.
"ಏಳು" ಎಂದು ಒಪ್ಪಿಕೊಂಡು ಮುಂದೆ ಓದಿದ.

ಎರಡು ದಿನಾರು ಕೊಟ್ಟ. ಗಲ್ಲಿಯ ತುದಿಯಲ್ಲೇ ನಿಂತು
ಯಾರಿಗೋ ಜೋರಾಗಿ ಮಾತಾಡುವುದು ಕೇಳುತ್ತಿತ್ತು,
ಫೋನಿಲ್ಲದೆಯೂ ಲಿಂಗಸುಗೂರಿಗೆ ಮುಟ್ಟುವಷ್ಟು.

ಬೀಗದ ಕೈಯವ ಅಂದು ಯಾರ್ಡಿನಲ್ಲಿ ನನ್ನ ಜತೆಗಿದ್ದವ.
ಶಟರಿನ ಕೆಳಗೆ ಬಗ್ಗಿ ಈಗಲೂ ಕೇಳುತ್ತಾನೆ:
"ಸುಲ್ಫೀ, ಚಾಯ್?"
ಹೂಂ ಎನ್ನುತ್ತೇನೆ. ಸಕ್ಕರೆ ಎರಡು.