ಒಂದಂಗುಲ

ಒಕ್ಲಹೋಮಾದ ಈನಿಡ್ ಊರಲ್ಲಿ, ತಿಂಗಳ ಎರಡನೇ ಶನಿವಾರ,
ಅಗ್ನಿಶಾಮಕ ಠಾಣೆಯ ಅಂಗಳದಲ್ಲಿ
ಮಕ್ಕಳ ಸೀಟು ತಪಾಸಣೆ. ಉಚಿತ.
ತಪಾಸಣೆ ಮಾಡುವವಳು ನಾನು.
ಗೋಧಿ ಕಣಜಗಳ ಉದ್ದ ನೆರಳು
ಹತ್ತೂವರೆಗೆ ನಮ್ಮನ್ನು ಬಿಟ್ಟು ಸರಿಯುತ್ತದೆ.
ಆಮೇಲೆ ಬರೀ ಬಿಸಿಲು, ಬರೀ ಗಾಳಿ,
ಸಾಲುಗಟ್ಟಿದ ಪಿಕಪ್ಪುಗಳು.

ನನ್ನ ಕೆಲಸ ಸಣ್ಣದು.
ಹಿಂದಿನ ಸೀಟಿಗೆ ಮಂಡಿಯೂರಿ, ಮೈಭಾರವೆಲ್ಲ ಹಾಕಿ
ಪಟ್ಟಿ ಜಗ್ಗಿ ಬಿಗಿಯುವುದು. ಬುಡ ಹಿಡಿದು ಅಲುಗಿಸುವುದು:
ಒಂದಂಗುಲಕ್ಕಿಂತ ಹೆಚ್ಚು ಕದಲಕೂಡದು.
ಎದೆಯ ಕೊಂಡಿ ಕಂಕುಳ ಮಟ್ಟಕ್ಕೆ.
ಹೆಗಲ ಪಟ್ಟಿ ಚಿವುಟಿದರೆ
ಬೆರಳಿಗೆ ಮಡಿಕೆ ಸಿಗಕೂಡದು.
ದಪ್ಪ ಕೋಟು ಕಳಚಿ ಕೂರಿಸಿ, ಕಟ್ಟಿದ ಮೇಲೆ ಹೊದಿಸಿ.
ಹನ್ನೊಂದು ವರ್ಷ ಇದನ್ನೇ ಹೇಳಿ ಹೇಳಿ
ನಾಲಿಗೆಗೆ ಬಾಯಿಪಾಠ.

ಕೈಗೂ ಅಷ್ಟೆ. ಸಂದಿಗೆ ಇಳಿಸಿದರೆ ಸಾಕು,
ನೋಡದೆ ಓದುತ್ತದೆ:
ಇದು ಒಣಗಿ ಕಡ್ಡಿಯಾದ ಆಲೂಗಡ್ಡೆ ಚೂರು,
ಇದು ಕ್ರೇಯಾನು, ಇದು ಅಂಟಂಟು ನಾಣ್ಯ,
ಒಮ್ಮೆ ಯಾರದೋ ಹಾಲುಹಲ್ಲು ಸಿಕ್ಕಿ
ಅದರ ತಾಯಿ ಅಲ್ಲೇ ನಿಂತು ಅತ್ತಿದ್ದಳು.

ರಾಯ್ಸ್ ಬಂದದ್ದು ಹನ್ನೊಂದಕ್ಕೆ,
ಎಣ್ಣೆಬಾವಿಯ ರಾತ್ರಿಪಾಳಿ ಮುಗಿಸಿ, ಬೂಟಿನ ಕೆಸರೂ ಒರೆಸದೆ.
ಕೈಪಿಡಿ ಓದಿಕೊಂಡು ಬಂದಿದ್ದ! ಗೆರೆ ಎಳೆದಿದ್ದ, ಪುಟ ಮಡಿಸಿದ್ದ.
ಸೀಟಿನ ಅವಧಿ ಮುಗಿಯುವ ತಾರೀಕು
ಕೇಳಿದ ಕೂಡಲೇ ಹೇಳಿದ.
ಮಗಳು ಜೋಸಿ, ನಾಲ್ಕಕ್ಕೆ ಇನ್ನೆರಡು ತಿಂಗಳು,
ಬಟ್ಟೆ ಮೊಲದ ಕಿವಿ ಹಿಡಿದು
ನಮ್ಮಿಬ್ಬರ ಮೇಲೂ ನಿಗಾ ಇಟ್ಟಿದ್ದಳು.
ಸೀಟು ಅರ್ಧ ಅಂಗುಲವೂ ಕದಲಲಿಲ್ಲ. ಶಹಭಾಸ್ ಎಂದೆ.

ಅಷ್ಟರಲ್ಲಿ ಮೊಲ ಬಿತ್ತು,
ಚಾಲಕನ ಸೀಟಿನಡಿ ಉರುಳಿತು.
ಎತ್ತಿಕೊಡಲು ಕೈ ಚಾಚಿದರೆ
ಮೊದಲು ಸಿಕ್ಕಿದ್ದು ಒಂದು ಪುಟ್ಟ ಕಾಲುಚೀಲ.
ಅದರ ಕೆಳಗೆ, ತಣ್ಣಗೆ.
ಓದಿತು ಕೈ.

ಬಂದೂಕು ಕಾಣದವಳಲ್ಲ ನಾನು.
ನಮ್ಮಪ್ಪನ ಪಿಕಪ್ಪಿನ ಹಿಂಗಾಜಿಗೆ ಸದಾ ಎರಡು,
ಕ್ವೇಲ್ ಹಕ್ಕಿಯ ಕಾಲಕ್ಕೆ ಮೂರು.
ನನ್ನದೂ ಒಂದಿದೆ ಮನೆಯಲ್ಲಿ,
ಅದಕ್ಕೊಂದು ಬೀಗ, ಗುಂಡಿಗೊಂದು ಬೀಗ.
ಹಾಗಾಗಿ ಉಪದೇಶ ಬಾಯಿಗೆ ಬರಲಿಲ್ಲ. ಏನೂ ಬರಲಿಲ್ಲ.
ಮೆಲ್ಲಗೆ ಬರಿಗೈ ಹಿಂದೆಳೆದುಕೊಂಡು
ರಾಯ್ಸ್ ಮುಖ ನೋಡಿದೆ.
"ಅಪರಾತ್ರಿ ಒಬ್ಬನೇ ಓಡಾಡ್ತೀನಲ್ಲ..." ಎಂದ.
ಆಮೇಲೆ, "ಅವಳಿಗೆ ಅದು ಅಲ್ಲಿರೋದೇ ಗೊತ್ತಿಲ್ಲ."

ಬಿಗಿದ ಪಟ್ಟಿಗಳ ಒಳಗಿಂದ ಜೋಸಿ,
ಗುಟ್ಟಿನ ದನಿಯಲ್ಲಿ, ನನಗೊಬ್ಬಳಿಗೇ:
"ಅಲ್ಲಿ ಕರಿಮರಿ ಮಲಗಿದೆ.
ಮೊನ್ನೆ ಚಳಿ ಇತ್ತಲ್ಲ,
ನಾನೇ ಹೊದಿಸಿದೆ."

ರಾಯ್ಸ್ ಬಾಗಿಲು ಹಿಡಿದುಕೊಂಡ.
ಹಿಡಿದದ್ದು ಬಿಡಲಿಲ್ಲ.
ಗಾಳಿ ಅವನ ಕೈಪಿಡಿಯ ಪುಟ ತಿರುವುತ್ತಿತ್ತು.

ನನ್ನ ಫಾರಮಿನಲ್ಲಿ ಹದಿನಾಲ್ಕು ಚೌಕ. ಇದಕ್ಕೆ ಚೌಕವಿಲ್ಲ.
ಠಾಣೆಯ ಕಪಾಟಿನಲ್ಲಿ ಪುಸ್ತಕದಷ್ಟಗಲ ಉಕ್ಕಿನ ಪೆಟ್ಟಿಗೆಗಳು,
ಯಾರೋ ಕೊಟ್ಟ ದಾನ, ಕೇಳುವವರಿಲ್ಲದೆ ಧೂಳು ತಿನ್ನುತ್ತಿದ್ದವು.
ಜೋಸಿಯನ್ನು ಕೆಂಪು ಲಾರಿ ನೋಡಲು ಒಳಗೆ ಕಳಿಸಿ
ಒಂದು ತಂದೆ.
ರಾಯ್ಸ್ ಗುಂಡು ತೆಗೆದು ಟೋಪಿಯೊಳಗೆ ಹಾಕಿದ,
ಒಂದೊಂದೇ, ನಳಿಕೆಯ ಬುಡದಲ್ಲಿ ಕಾದಿದ್ದ ಆ ಒಂದನ್ನೂ.
ಉಕ್ಕಿನ ಹಗ್ಗ ಸೀಟಿನ ಕಾಲಿಗೆ ಸುತ್ತಿ ಪೆಟ್ಟಿಗೆಗೆ ಸಿಕ್ಕಿಸಿ
ಅಭ್ಯಾಸಬಲ, ಬುಡ ಹಿಡಿದು ಅಲುಗಿಸಿ ನೋಡಿದೆ.
"ಇದು ದಾರಿಗೆ ಮಾತ್ರ," ಎಂದೆ.
"ಮನೆ ಮುಟ್ಟಿದ ಮೇಲೆ ಇದನ್ನೂ ಇಳಿಸಿಕೋ,
ಮಗಳನ್ನ ಇಳಿಸಿಕೊಳ್ಳೋ ಹಾಗೆ."

ಇನ್ನು ಬೀಗದ ಸಂಖ್ಯೆ. ನಾಲ್ಕು ಅಂಕಿ.
ಯೋಚಿಸಲೇ ಇಲ್ಲ, ಬೆರಳು ತಾನೇ ಒತ್ತತೊಡಗಿತು.
"ಹುಟ್ಟಿದ ದಿನ ಬೇಡ. ಅವಳು ಮೊದಲು ಕಲಿಯೋ ಅಂಕಿ ಅದೇ."
ಅಳಿಸಿದ.
ಮತ್ತೆ ಎರಡು ಒತ್ತಿ (ಹುಟ್ಟಿದಾಗಿನ ತೂಕವಿರಬೇಕು)
ತಾನೇ ನಿಲ್ಲಿಸಿದ.

ಹಿಂದಿನ ಗಾಡಿಯವರು ಹಾರನ್ ಒತ್ತಿದರು.
ಒಳಗೆ ಯಾರೋ ಜೋಸಿಗೆ ದೊಡ್ಡ ಹೆಲ್ಮೆಟ್ ತೊಡಿಸಿರಬೇಕು,
ನಗು ಡಬ್ಬಿಯೊಳಗಿಂದ ಬಂದ ಹಾಗೆ ಕೇಳುತ್ತಿತ್ತು.
ಅವಳದಲ್ಲದ ನಾಲ್ಕು ಅಂಕಿ ಹುಡುಕುತ್ತ
ಬಿಸಿಲಲ್ಲಿ ಅವನು
ಬಹಳ ಹೊತ್ತು ನಿಂತೇ ಇದ್ದ.