ಪಟ್ಟಿ

ಕೋಟ್ಕಾ ಬಂದರಿನಲ್ಲಿ ಕ್ರೇನು ನಡೆಸುವ ಓಸ್ಮೊ
ಐವತ್ತೆಂಟಕ್ಕೆ ಮೊದಲ ಸಲ ನಾಯಿ ಸಾಕಲು ಹೊರಟ.
ಮೊದಲು ಮಾಡಿದ್ದು ಪಟ್ಟಿ.
ಸರಕಿನ ಚೀಟಿಯ ಹಿಂಬದಿಗೆ, ಪೆನ್ಸಿಲ್ಲಿನಲ್ಲಿ,
ಕಂಟೇನರಿಗೆ ಬರೆದಂತೆ ಒಂದೊಂದಕ್ಕೂ ತೂಕ ಬರೆದು.

ಲ್ಯಾಬ್ರಡಾರ್ ಎಲ್ಲರನ್ನೂ ಪ್ರೀತಿಸುತ್ತದಂತೆ.
ಎಲ್ಲರನ್ನೂ ಅಂದರೆ ಹೇಗೆ, ಎಂದು ಪಕ್ಕದಲ್ಲೊಂದು ಪ್ರಶ್ನೆ.
ಬಾರ್ಡರ್ ಕಾಲಿಗೆ ಕುರಿ ಬೇಕು, ಇಲ್ಲದಿದ್ದರೆ
ಮನೆಗೆ ಬಂದವರನ್ನೇ ಮೂಲೆಗೆ ಅಟ್ಟುತ್ತದೆ.
ಬರುವವರು ಯಾರು? ನಲ್ಲಿ ರಿಪೇರಿಯವನು, ವರ್ಷಕ್ಕೊಮ್ಮೆ.
ಡ್ಯಾಶ್‌ಹಂಡಿನ ಬೆನ್ನಿಗೆ ಮೆಟ್ಟಿಲು ಆಗಿಬರದು,
ಇವನಿರುವುದು ನಾಲ್ಕನೆಯ ಮಹಡಿ, ಲಿಫ್ಟಿಲ್ಲ.
ಹಸ್ಕಿ ಓಡಬೇಕು. ಇವನ ಮೊಣಕಾಲಿಗೆ ಓಟದ ನೆನಪೂ ಇಲ್ಲ.
ಆ ನಾಡಿನದೇ ಕೆಂಚು ಸ್ಪಿಟ್ಜ್ ಇತ್ತಲ್ಲ,
ಹಕ್ಕಿ ಕೂತ ಮರದ ಬುಡದಲ್ಲಿ ನಿಂತು
ಬೇಟೆಗಾರ ಬರುವ ತನಕ ಬೊಗಳುವುದೇ ಅದರ ಕಸುಬು.
ರಾತ್ರಿ ಹತ್ತರ ಮೇಲೆ ಕೆಮ್ಮಿದರೂ
ಬಾಗಿಲಿಗೆ ಕಾಗದ ಅಂಟಿಸುವ ಕಟ್ಟಡ ಇವನದು.
ಆದರೂ ಅದೊಂದು ಹೆಸರನ್ನು ಹೊಡೆದುಹಾಕಲಿಲ್ಲ.

ತಳಿಗಳ ಪುಸ್ತಕ ಓದಿ ಓದಿ ಒಂದು ರಾತ್ರಿ
ತನ್ನನ್ನೂ ಅದೇ ಧಾಟಿಯಲ್ಲಿ ಬರೆದುಕೊಂಡ:
ಎತ್ತರ ಮಧ್ಯಮ. ಕೂದಲು ಉದುರುವುದಿಲ್ಲ, ಉಳಿದಿಲ್ಲ.
ಮಕ್ಕಳೊಂದಿಗೆ ಹೇಗೋ, ಪರೀಕ್ಷೆಯಾಗಿಲ್ಲ.
ಒಂಟಿಯಾಗಿ ಬಿಟ್ಟರೆ ಕುರ್ಚಿಯ ಕಾಲು ಕಡಿಯುವುದಿಲ್ಲ.
ಎತ್ತರದ ಗಾಜಿನ ಗೂಡಿನಲ್ಲಿ
ಎಂಟು ತಾಸು ಸದ್ದಿಲ್ಲದೆ ಕೂರಬಲ್ಲದು.
ಮೊದಲ ಸಲ ಸಾಕುವವರಿಗೆ…
ಅಲ್ಲಿಗೆ ಪೆನ್ಸಿಲು ನಿಂತಿತು.

ಊರಾಚೆ ಮರಿ ಮಾಡಿಸಿ ಕೊಡುವ ಮುದುಕಿಯ ಹೆಸರು ಇಂಪಿ.
ಇಂಪು ಹೆಸರಿನಲ್ಲಷ್ಟೆ, ದನಿ ತುಕ್ಕು ಹಿಡಿದ ಗೇಟಿನದು.
ಪಟ್ಟಿಯನ್ನು ನೋಡಿದಳು, ಮಡಿಚಿದಳು, ಮತ್ತೆ ಮಡಿಚಿ
ಕುಂಟುವ ಮೇಜಿನ ಕಾಲಿನಡಿ ತೂರಿಸಿದಳು.
ಒಳಗಿನಿಂದ ಇನ್ನೊಂದು ಪಟ್ಟಿ ತಂದಳು,
ಚರ್ಮದ್ದು, ಕೊರಳಿಗೆ ಕಟ್ಟುವುದು, ಹಲ್ಲಿನ ಗುರುತಿದ್ದದ್ದು,
ಉದ್ದ ಹಗ್ಗ ಸಮೇತ.
"ತಿಂಗಳು ಪೂರ್ತಿ, ಬೆಳಿಗ್ಗೆ ಐದಕ್ಕೆ, ಇದನ್ನು ಹಿಡಿದು ನಡೆ.
ನಾಯಿ ಆಮೇಲೆ. ತಳಿ ಆಮೇಲೆ."

ಅದು ನವೆಂಬರು. ಅಲ್ಲಿ ಆಗ ಬೆಳಕು ಬೀಗರ ಹಾಗೆ
ತಡವಾಗಿ ಬಂದು, ಕಾಫಿ ಆರುವ ಮುಂಚೆ ಎದ್ದು ಹೊರಡುತ್ತದೆ.
ಮೊದಲ ವಾರ ಪಟ್ಟಿ ಕೋಟಿನ ಜೇಬಿನಲ್ಲಿತ್ತು,
ಕಳ್ಳಮಾಲಿನಂತೆ.
ಆಮೇಲೆ ಕೈಗೆ ಬಂತು. ನೆಲಕ್ಕೆ ಇಳಿಯಿತು.
ಹೆಪ್ಪುಗಟ್ಟಿದ ಎಲೆಗಳ ಮೇಲೆ ಬಕಲು ಟಿಣ್, ಟಿಣ್.
ಕಂಬ ಬಂದಲ್ಲಿ ನಿಲ್ಲುವುದನ್ನು ಕಲಿತ.
ಯಾಕೆ ನಿಂತೆ ಎಂದು ಕೇಳಿಕೊಂಡ, ನಿಂತೇ ಇದ್ದ.
ಬೇಕರಿಯ ಹಿಂಬಾಗಿಲಲ್ಲಿ ಹುಳಿಬಂದ ಹಿಟ್ಟಿನ ವಾಸನೆ,
ಎದುರು ಮನೆಯ ಕಿಟಕಿಯಲ್ಲಿ ಯಾರೋ ಒಬ್ಬರೇ ಇಸ್ತ್ರಿ ಮಾಡುವುದು,
ಹನ್ನೊಂದು ವರ್ಷ ಆ ಬೀದಿಯಲ್ಲಿದ್ದೂ ಗೊತ್ತಿರಲಿಲ್ಲ.

ಇಪ್ಪತ್ತನೆಯ ದಿನವೋ ಏನೋ,
ಪೇಪರು ಹಾಕುವ ಹುಡುಗಿ ಸೈಕಲ್ಲು ನಿಲ್ಲಿಸಿ
ಖಾಲಿ ಪಟ್ಟಿಯನ್ನೇ ನೋಡಿ, ನಗದೆ ಕೇಳಿದಳು:
"ಯಾವ ತಳಿ?"
ಓಸ್ಮೊ ಯೋಚಿಸಿದ. "ಇನ್ನೂ ಚಿಕ್ಕದು," ಅಂದ.
ಅವಳು ಬಗ್ಗಿ, ತಲೆ ಇರಬೇಕಾದ ಜಾಗದಲ್ಲಿ
ಗಾಳಿಯನ್ನೊಮ್ಮೆ ಸವರಿ ಹೋದಳು.
ಎತ್ತರ ಎಷ್ಟೆಂದು ಅವನು ನೋಡಿಟ್ಟುಕೊಂಡ:
ತನ್ನ ಮೊಣಕಾಲಿಗಿಂತ ನಾಲ್ಕು ಬೆರಳು ಕೆಳಗೆ.

ತಿಂಗಳು ಮುಗಿಯಿತು. "ನಾಲ್ಕು ದಿನ ತಪ್ಪಿಸಿದೆ," ಎಂದು
ಬಾಗಿಲಲ್ಲೇ ಹೇಳಿಬಿಟ್ಟ.
"ಒಂದೂ ತಪ್ಪಿಸಲಿಲ್ಲ ಅನ್ನುವವರೇ ಎಲ್ಲ," ಅಂದಳು ಇಂಪಿ,
ಬೂಟು ಕಳಚಲು ಕುರ್ಚಿ ತೋರಿಸುತ್ತ. "ಯಾವುದು ಬೇಕು?"
ತಳಿಯ ಹೆಸರು ಬಾಯಿಗೆ ಬರಲಿಲ್ಲ.
ಅಂಗೈ ಚಾಚಿ ಗಾಳಿಯಲ್ಲಿ ಹಿಡಿದು ತೋರಿಸಿದ: ಇಷ್ಟು.
ಪಟ್ಟಿ ಮೇಜಿನಡಿ ಅಲ್ಲೇ ಇತ್ತು.
ಮೇಜು ಅಲುಗುತ್ತಿರಲಿಲ್ಲ.